ಡೇಟಾ ಬಂದ್ ಮಾಡಿ ನೋಡು, ತಂಗಿ

ಮೊನ್ನೆ ಹಾವೇರಿ ಬಸ್‌ಸ್ಟ್ಯಾಂಡಿನ ಹತ್ತಿರ ಅರ್ಜಿ ತುಂಬುವ ಅಂಗಡಿಯಿಂದ ಹೊರಬಂದಾಗ ನಿನ್ನ ಮುಖ ಸಪ್ಪಗಿತ್ತು. "ಕಾಕಾ, ಫೋಟೋ ಸಣ್ಣದು ಮಾಡಾಕ ಇಪ್ಪತ್ತು, ಸಹಿಗೆ ಇಪ್ಪತ್ತು, ಮಾರ್ಕ್ಸ್‌ಕಾರ್ಡ್ ಎಲ್ಲಾ ಕೂಡಿಸಿ ಒಂದು ಪಿಡಿಎಫ್ ಮಾಡಾಕ ಐವತ್ತು ತಗೊಂಡ್ರು" ಅಂದೆ. ಅಂಗಡಿಯವನೂ ಹೊಟ್ಟೆಪಾಡಿಗೆ ಕೂತವನು, ಅವನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ನಿನ್ನ ಆಧಾರ್, ಅಂಕಪಟ್ಟಿ, ಸಹಿ ಮೂರೂ ಇನ್ನೂ ಆ ಕಂಪ್ಯೂಟರಿನಲ್ಲೇ, ಬೇರೆ ಹುಡುಗರ ಕಾಗದಗಳ ನಡುವೆ ಉಳಿದಿವೆಯಲ್ಲ, ಆ ಚಿಂತೆ ರಾತ್ರಿಯೆಲ್ಲ ನನ್ನನ್ನು ಬಿಡಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆ ತೊಂಬತ್ತು ರೂಪಾಯಿಯ ಕೆಲಸ ನಿನ್ನ ಫೋನು, ಮನೆಯ ಕಂಪ್ಯೂಟರಿನಲ್ಲೇ ಆಗುತ್ತದೆ. ಫೋನಿನಲ್ಲಿ ತೆಗೆದ ಫೋಟೋ ಮೂರು ನಾಲ್ಕು ಎಂಬಿ ಇರುತ್ತದೆ, ಅರ್ಜಿಯವರು ಕೇಳುವುದು 50 ಕೆಬಿ. ಸ್ಕ್ವೂಷ್ ಎಂಬ ಜಾಲತಾಣವಿದೆ, ಗೂಗಲ್ ಕ್ರೋಮ್ ತಂಡದವರು 2018ರಲ್ಲಿ ಮಾಡಿದ್ದು. ಫೋಟೋವನ್ನು ಅದರಲ್ಲಿ ತೆರೆ. ಮೊದಲು ಅಗಲ ಎತ್ತರ ಕಡಿಮೆ ಮಾಡು, ಗುಣಮಟ್ಟವನ್ನು ಆಮೇಲೆ ಇಳಿಸು. ಬಹಳ ಜನ ಗುಣಮಟ್ಟವನ್ನೇ ಮೊದಲು ಇಳಿಸುತ್ತಾರೆ, ಮುಖ ಮಸುಕಾಗಿ ಗುರುತು ಸಿಗದಂತಾಗುತ್ತದೆ. ಎಷ್ಟು ಕೆಬಿಗೆ ಬಂತು ಎಂಬುದು ಪರದೆಯ ಮೇಲೇ ಕಾಣುತ್ತಿರುತ್ತದೆ. ಅಂಕಪಟ್ಟಿಗಳ ಪಿಡಿಎಫ್‌ಗಳನ್ನು ಒಂದಾಗಿ ಕೂಡಿಸಲು ಮನೆಯ ಕಂಪ್ಯೂಟರಿನಲ್ಲಿ ಪಿಡಿಎಫ್‌ಸ್ಯಾಮ್ ಬೇಸಿಕ್ ಹಾಕಿಕೊಂಡರೆ ಸಾಕು.

ಇಂಥ ತಾಣಗಳು ನೂರಾರಿವೆ. ಕೆಲವು ನಿನ್ನ ಕಾಗದವನ್ನು ಎಲ್ಲೋ ಇರುವ ತಮ್ಮ ಕಂಪ್ಯೂಟರಿಗೆ ಒಯ್ದು ಕೆಲಸ ಮಾಡಿ ಮರಳಿ ಕೊಡುತ್ತವೆ. ಕೆಲವು ನಿನ್ನ ಫೋನಿನೊಳಗೇ ಮುಗಿಸುತ್ತವೆ, ಸ್ಕ್ವೂಷ್ ಈ ಎರಡನೆಯ ಜಾತಿಯದು. ಯಾವುದು ಯಾವ ಜಾತಿ ಎಂದು ತಿಳಿಯಲು ನಾನು ಮಾಡುವುದು ಇಷ್ಟೇ. ಪುಟ ಪೂರ್ತಿ ತೆರೆದ ಮೇಲೆ ಡೇಟಾ, ವೈಫೈ ಎರಡನ್ನೂ ಬಂದ್ ಮಾಡುತ್ತೇನೆ. ಆಮೇಲೆ ಯಾವುದೋ ಹೂವಿನ ಫೋಟೋ ಹಾಕಿ ನೋಡುತ್ತೇನೆ. ಕೆಲಸ ನಡೆದರೆ ಅದು ನನ್ನ ಕೈಯಲ್ಲೇ ನಡೆಯಿತು ಅಂತ. ನಿಂತುಬಿಟ್ಟರೆ ಆ ತಾಣಕ್ಕೆ ಹೂವಿನ ಫೋಟೋ ಕೊಡಬಹುದು, ಆಧಾರ್ ಕೊಡಬಾರದು. ಆಧಾರ್‌ನಂಥದ್ದನ್ನು ಸಣ್ಣದು ಮಾಡುವಾಗಲೂ ಡೇಟಾ ಬಂದ್ ಇರಲಿ, ಉಳಿಸಿಕೊಂಡು ಪುಟ ಮುಚ್ಚಿದ ಮೇಲೇ ಚಾಲೂ ಮಾಡು. ಗುರುತಿಗೆ ಮಾತ್ರ ಆಧಾರ್ ಕೇಳುವ ಕಡೆ ಕೊನೆಯ ನಾಲ್ಕು ಅಂಕಿಯಷ್ಟೇ ಕಾಣುವ ಪ್ರತಿ ಕೊಡು. ಅದು ಆಧಾರ್ ಪ್ರಾಧಿಕಾರದ ತಾಣದಲ್ಲೇ ಪುಕ್ಕಟೆ ಸಿಗುತ್ತದೆ. ತೆರೆಯುವ ಪಾಸ್‌ವರ್ಡ್ ಎಂದರೆ ನಿನ್ನ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡ ಅಕ್ಷರ, ಅದರ ನಂತರ ಹುಟ್ಟಿದ ಇಸವಿ.

ಈ ಸಾಧನಗಳ ಮೇಲೆ ನನಗೆ ಇಷ್ಟು ಅಕ್ಕರೆ ಯಾಕೆ ಗೊತ್ತೇನು? ಬ್ಯಾಡಗಿಯ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ಕಾಲದಲ್ಲಿ ನಿನ್ನ ಮುತ್ತ್ಯಾನ ವಹಿಯನ್ನು ಬಿಡುವಾದಾಗಲೆಲ್ಲ ಕಂಪ್ಯೂಟರಿಗೆ ಹಾಕಿದ್ದೆ. ಕಡ್ಡಿ ಮೆಣಸಿನಕಾಯಿ ಯಾವ ಹೊಲಕ್ಕೆ ಬಂತು, ಡಬ್ಬಿ ಯಾವುದಕ್ಕೆ, ಯಾವ ವರ್ಷ ಮಳೆ ಕೈಕೊಟ್ಟಿತು, ಎಲ್ಲ ಅದರಲ್ಲಿತ್ತು. ಬೆಂಗಳೂರಿನಲ್ಲಿರುವ ನಿಮ್ಮಣ್ಣನಿಗೆ ಕಳಿಸಿದರೆ ಅವನ ಫೋನಿನಲ್ಲಿ ಒಂದು ಕನ್ನಡ ಅಕ್ಷರವೂ ಕಾಣಲಿಲ್ಲ, ಬರೀ ಅರ್ಥವಿಲ್ಲದ ಇಂಗ್ಲಿಷ್ ಗುರುತುಗಳು. ಕಷ್ಟಪಟ್ಟು ಮಾಡಿದ್ದೆಲ್ಲ ಹೋಯಿತೆಂದು ಕೂತುಬಿಟ್ಟೆ. ನಾನು ಬಳಸಿದ್ದು ‘ನುಡಿ’ ತಂತ್ರಾಂಶದ ಹಳೆಯ ಫಾಂಟ್. ಅದರಲ್ಲಿ ಕಂಪ್ಯೂಟರ್ ಒಳಗೆ ಇಟ್ಟುಕೊಳ್ಳುವುದು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳನ್ನೇ, ಕನ್ನಡ ಮೇಲಿನ ವೇಷ. ಆ ಫಾಂಟ್ ಇಲ್ಲದ ಕಡೆ ವೇಷ ಕಳಚುತ್ತದೆ. ಯೂನಿಕೋಡಿನಲ್ಲಿ ಹಾಗಲ್ಲ, ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆಯಿದೆ. ‘ಕ’ ಎಂದರೆ 3221, ರಾಣೆಬೆನ್ನೂರಿನಲ್ಲೂ ಅಷ್ಟೇ, ಅಮೆರಿಕದಲ್ಲೂ ಅಷ್ಟೇ. ಅರವಿಂದ ವಿ.ಕೆ. ಅವರು ಹಳೆಯ ಬರಹವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕವನ್ನು ಜಾಲದಲ್ಲಿ ಎಲ್ಲರಿಗೂ ಬಿಟ್ಟಿದ್ದಾರೆ. ನನ್ನ ಪುಟಗಳನ್ನು ಅದರಲ್ಲಿ ಅಂಟಿಸಿದೆ, ಗುಂಡಿ ಒತ್ತಿದೆ. ಮುತ್ತ್ಯಾನ ಮಾತು ಸಾಲುಸಾಲಾಗಿ ಮರಳಿ ಬಂತು. ನನ್ನ ಕಣ್ಣು ತುಂಬಿತ್ತು, ತಂಗಿ. ಕೆಲವು ಒತ್ತಕ್ಷರಗಳನ್ನು ಕೈಯಿಂದ ತಿದ್ದಬೇಕಾಯಿತು, ಅಷ್ಟೇ.

ಗುರುತಿಲ್ಲದ ಒಬ್ಬರು ಹೀಗೆ ನಮ್ಮ ಮನೆಯ ಆಸ್ತಿಯನ್ನು ಉಳಿಸಿಕೊಟ್ಟರು. ‘ಅಲರ್’ ನಿಘಂಟೂ ಅಂಥದ್ದೇ. ವಿ. ಕೃಷ್ಣ ಅವರು ದಶಕಗಳ ಕಾಲ ಕೂಡಿಸಿದ ಒಂದೂವರೆ ಲಕ್ಷಕ್ಕೂ ಹೆಚ್ಚು ಕನ್ನಡ ಪದಗಳು, ಇಂಗ್ಲಿಷ್ ಅರ್ಥದೊಡನೆ, 2019ರಿಂದ ಜಾಲದಲ್ಲಿವೆ. ಇಂಗ್ಲಿಷ್ ಕಠಿಣ ಎನ್ನುತ್ತೀಯಲ್ಲ, ದಿನಾ ಹತ್ತು ಪದ ನೋಡು.

ಇವೆಲ್ಲಕ್ಕೂ ದುಡ್ಡು ಬೇಡ, ಆದರೆ ಪುಗಸಟ್ಟೆ ಬೇರೆ, ಮುಕ್ತ ಬೇರೆ. ಮುಕ್ತ ತಂತ್ರಾಂಶವನ್ನು ಯಾರೂ ಬಳಸಬಹುದು, ಒಳಗೆ ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು. 1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಶುರುಮಾಡಿದ ಚಳವಳಿ ಅದು. 2010ರಲ್ಲಿ ಶುರುವಾದ ಲಿಬ್ರೆಆಫೀಸ್ ಆ ಸಾಲಿನದು. ಪತ್ರ, ಲೆಕ್ಕದ ಹಾಳೆ ಎಲ್ಲ ಅದರಲ್ಲಾಗುತ್ತದೆ. ನಿನ್ನ ಗೆಳತಿ ತಂದ ಕದ್ದ ಆಫೀಸ್ ಪ್ರತಿಯನ್ನು ತೆಗೆದುಹಾಕಿಬಿಡು. ಬೀಗ ಮುರಿದವನು ಒಳಗೆ ಏನಿಟ್ಟು ಹೋಗಿದ್ದಾನೋ ನಿನಗೆ ತಿಳಿಯುವುದಿಲ್ಲ. ವಾಟ್ಸಾಪಿನಲ್ಲಿ ಸರ್ಕಾರಿ ಯೋಜನೆಯ ಹೆಸರು ಹೇಳಿಕೊಂಡು ಬರುವ ಎಪಿಕೆ ಕಡತಗಳನ್ನಂತೂ ಮುಟ್ಟಲೇಬೇಡ.

ಇನ್ನು ಮನೆಯ ಕೆಲಸ. ಬ್ಯಾಡಗಿಯಲ್ಲಿ ಟೆಂಡರ್ ಇರುವ ಸೋಮವಾರ, ಗುರುವಾರ ನಿಮ್ಮಪ್ಪ ಯಾರಿಗೋ ಫೋನ್ ಹಚ್ಚಿ ಮೆಣಸಿನಕಾಯಿ ದರ ಕೇಳುತ್ತಾನೆ. ಅವರು ಹೇಳುವುದು ಆ ದಿನದ ಅತಿ ಹೆಚ್ಚಿನ ದರ, ಅದು ಎರಡು ಮೂರು ಚೀಲಕ್ಕಷ್ಟೇ ಬಿದ್ದಿರಬಹುದು. ಕೃಷಿ ಮಾರಾಟ ವಾಹಿನಿ ತಾಣದಲ್ಲಿ ಕನಿಷ್ಠ, ಗರಿಷ್ಠ, ಮಾದರಿ ದರ ಮೂರೂ ಇರುತ್ತವೆ. ಹೆಚ್ಚಿನ ಮಾಲು ಹೋದದ್ದು ಮಾದರಿ ದರಕ್ಕೆ. ನಾಲ್ಕು ವಾರ ಅದನ್ನು ಬರೆದಿಟ್ಟು ಅಪ್ಪನಿಗೆ ತೋರಿಸು, ಮಾರಬೇಕೋ ಕೋಲ್ಡ್ ಸ್ಟೋರೇಜಿಗೆ ಹಾಕಬೇಕೋ ಅವನೇ ತೂಗಿ ನೋಡಲಿ. ಹೊಲದಲ್ಲಿ ನಿಂತು ದಿಶಾಂಕ್ ಆ್ಯಪ್ ತೆರೆದರೆ ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಆದರೆ ಅದನ್ನು ಹಿಡಿದು ಪಕ್ಕದ ಹೊಲದವರ ಜೊತೆ ಬದುವಿನ ಜಗಳಕ್ಕೆ ಇಳಿಯಬೇಡಿ. ಫೋನು ಕೆಲವು ಮೀಟರ್ ಆಚೀಚೆ ತೋರಿಸುವುದು ಸಾಮಾನ್ಯ, ಹದ್ದುಬಸ್ತಿಗೆ ಸರ್ವೆಯವರೇ ಬರಬೇಕು.

ಬರುವ ಗುರುವಾರ ಅಪ್ಪನ ಜೊತೆ ಬ್ಯಾಡಗಿಗೆ ಬಾ. ಹೋದ ಹಂಗಾಮಿನ ಮಾರಾಟದ ಪಟ್ಟಿಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಬಾ, ಲಿಬ್ರೆಆಫೀಸ್ ಹಾಳೆಯಲ್ಲಿ ಚೀಲ, ತೂಕ, ದರ, ಕಡಿತ ಅಂತ ನಾಲ್ಕು ಕಾಲಂ ಹಾಕಿ ಕೂಡಿಸೋಣ. ಅವ್ವನ ಫೋನೂ ಇರಲಿ. ದಿಶಾಂಕನ್ನು ಅದರಲ್ಲೇ ಹಾಕೋಣ, ಹೊಲಕ್ಕೆ ದಿನಾ ಹೋಗುವವಳು ಅವಳು.