ಹಿಂಚಕ್ರದ ಬ್ರೇಕು: ದುರಸ್ತಿಯೋ, ಬದಲಾವಣೆಯೋ?

1970ರ ದಶಕದ ಅನೇಕ ಅಮೆರಿಕನ್ ಪಿಕಪ್ ಟ್ರಕ್ಕುಗಳಿಗೆ ಮುಂದೆ ಡಿಸ್ಕ್ ಬ್ರೇಕು, ಹಿಂದೆ ಡ್ರಮ್ ಬ್ರೇಕು. ಹಿಂದಿನದು ಸವೆದಾಗ ದುರಸ್ತಿ ಮಾಡಬೇಕೋ, ಅಲ್ಲಿಯೂ ಡಿಸ್ಕ್ ಜೋಡಿಸಬೇಕೋ?

ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿ ಧಾವಿಸುವ 2000 ಕಿಲೋಗ್ರಾಂ ಟ್ರಕ್ಕಿನ ಚಲನಶಕ್ತಿ 4 ಲಕ್ಷ ಜೌಲ್. ನಿಲ್ಲಬೇಕಾದರೆ ಅದರ ಬಹುಭಾಗ ಬ್ರೇಕುಗಳಲ್ಲಿ ಶಾಖವಾಗತಕ್ಕದ್ದು. ಆದರೆ ಗುರುತ್ವಕೇಂದ್ರವು ನೆಲದಿಂದ ಮೇಲಿರುವ ಕಾರಣ, ಬ್ರೇಕು ಒತ್ತಿದೊಡನೆ ಭಾರವು ಮುಂಚಕ್ರಗಳತ್ತ ಸರಿಯುತ್ತದೆ. ಹಗುರಾದ ಹಿಂಚಕ್ರಕ್ಕೆ ಬ್ರೇಕು ಅತಿಯಾದರೆ ಅದು ಉರುಳದೆ ಜಾರುತ್ತದೆ. ಖಾಲಿ ಟ್ರಕ್ಕು ಅಡ್ಡ ತಿರುಗುವುದು ಹೀಗೆಯೇ. ಅಂಥ ಗಾಡಿಗೆ ಸೋರುವ ಸಿಲಿಂಡರನ್ನೂ ಸವೆದ ಲೈನಿಂಗನ್ನೂ ಬದಲಿಸಿದರೆ ಸಾಕೆಂದು ನನ್ನ ಅಭಿಪ್ರಾಯ.

ಭಾರ ಹೊತ್ತು ಬೆಟ್ಟವಿಳಿಯುವ ಗಾಡಿಯ ಮಾತು ಬೇರೆ. ಕಾದ ಡ್ರಮ್ಮು ಹಿಗ್ಗಿ ಷೂವಿನಿಂದ ದೂರ ಸರಿಯುತ್ತದೆ. ಡಿಸ್ಕಾದರೋ ಹಿಗ್ಗಿ ಪ್ಯಾಡಿನ ಸಮೀಪಕ್ಕೇ ಬರುತ್ತದೆ. ಆಗ ಡಿಸ್ಕ್ ಜೋಡಿಸಬಹುದು. ಆದರೆ ಹಿಂಚಕ್ರಗಳಿಗೆ ಹೋಗುವ ದ್ರವದ ಒತ್ತಡವನ್ನು ನಿಯಂತ್ರಿಸುವ ಕವಾಟವನ್ನೂ ಹೊಸದಾಗಿ ಹೊಂದಿಸಬೇಕು.