ಲೂಪಸ್ ಇದ್ದವರಿಗೆ ಲಕ್ವ ಹೊಡೆದಾಗ

ಪ್ರಶ್ನೆ: ನನ್ನ ತಂಗಿಗೆ 29 ವರ್ಷ. ಮದುವೆಯಾದ ಮೇಲೆ ಲೂಪಸ್ ಕಾಣಿಸಿತು. ಎರಡು ಸಲ ಗರ್ಭಪಾತವೂ ಆಗಿದೆ. ಕಳೆದ ತಿಂಗಳು ರೊಟ್ಟಿ ತಟ್ಟುತ್ತಿದ್ದವಳ ಬಲಗೈ ಸೋತು, ಮಾತು ತೊದಲಿತು. ಬಿ.ಪಿ., ಶುಗರ್ ಯಾವುದೂ ಇಲ್ಲ. ಮೆದುಳಿನ ರಕ್ತನಾಳದ ಉರಿಯೂತದಿಂದ ಸ್ಟ್ರೋಕ್ ಆಗಿರಬಹುದು ಎಂದು ಸ್ಟಿರಾಯ್ಡ್ ಕೊಟ್ಟಿದ್ದಾರೆ. ಲಕ್ವಕ್ಕೆ ನಾಟಿ ಔಷಧಿಯೇ ಸರಿ, ಮಾತ್ರೆ ನಿಲ್ಲಿಸಿ ಅನ್ನುತ್ತಾರೆ ಊರವರು. ಏನು ಮಾಡಲಿ, ಡಾಕ್ಟ್ರೇ?
– ಓದುಗರು, ಕೆರೆಬಿಳಚಿ

ಉತ್ತರ: ಮಾತ್ರೆ ನಿಲ್ಲಿಸಬೇಡಿ. ಸ್ಟಿರಾಯ್ಡ್ ತೆಗೆದುಕೊಳ್ಳುವಾಗ ದೇಹ ತನ್ನದೇ ಸ್ಟಿರಾಯ್ಡ್ ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ. ಒಮ್ಮೆಲೇ ಬಿಟ್ಟರೆ ಪ್ರಾಣಕ್ಕೇ ಅಪಾಯ. ಲಕ್ವಕ್ಕೆಂದು ಪಾರಿವಾಳದ ರಕ್ತ ಹಚ್ಚಿಸಿಕೊಂಡು ಬಂದವರನ್ನು ಕಂಡಿದ್ದೇನೆ. ಹಕ್ಕಿ ಹೋಗಿತ್ತು, ಕೈ ಹಾಗೇ ಇತ್ತು.

ನೀವು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋದ ಆ ಗರ್ಭಪಾತದ ಮಾತನ್ನು ವೈದ್ಯರಿಗೂ ಹೇಳಿದ್ದೀರಾ? ಲೂಪಸ್‌ನಲ್ಲಿ ಮೆದುಳಿನ ರಕ್ತನಾಳದ ಗೋಡೆಯೇ ಊದಿಕೊಂಡು ಸ್ಟ್ರೋಕ್ ಆಗುವುದುಂಟು, ಆದರೆ ಅಪರೂಪ. ತೀರಿಕೊಂಡ 24 ಲೂಪಸ್ ರೋಗಿಗಳ ಮೆದುಳನ್ನು ಪರೀಕ್ಷಿಸಿದ ಜಾನ್ಸನ್ ಮತ್ತು ರಿಚರ್ಡ್‌ಸನ್ 1968ರಲ್ಲೇ ನಿಜವಾದ ಉರಿಯೂತ ಕೆಲವರಲ್ಲಷ್ಟೇ ಇತ್ತೆಂದು ಬರೆದರು. ಹೆಚ್ಚಾಗಿ ನಡೆಯುವುದು ಬೇರೆ: ಆಂಟಿಫಾಸ್ಫೊಲಿಪಿಡ್ ಎಂಬ ಪ್ರತಿಕಾಯಗಳಿಂದ ರಕ್ತ ಬೇಗ ಹೆಪ್ಪುಗಟ್ಟಿ ನಾಳ ಕಟ್ಟಿಕೊಳ್ಳುತ್ತದೆ. ಲಂಡನ್ನಿನ ಗ್ರಹಾಂ ಹ್ಯೂಸ್ 1983ರಲ್ಲಿ ವಿವರಿಸಿದ ಈ ತೊಂದರೆಯಲ್ಲಿ ಮತ್ತೆ ಮತ್ತೆ ಗರ್ಭಪಾತವಾಗುವುದೂ ಒಂದು ಸುಳಿವು. ಕೆಲವರಲ್ಲಿ ಹೃದಯದ ಕವಾಟದ ಮೇಲೆ ಬೆಳೆದ ಗಂಟುಗಳಿಂದ ಚೂರು ಕಳಚಿ ಮೆದುಳಿಗೆ ಹೋಗುತ್ತದೆ. ಅದಕ್ಕೇ ಎಕೋ ಮಾಡಿಸಬೇಕು.

ಇಷ್ಟೆಲ್ಲ ಹೇಳಲು ಕಾರಣವಿದೆ. ಉರಿಯೂತವಾದರೆ ಹೆಚ್ಚಿನ ಪ್ರಮಾಣದ ಸ್ಟಿರಾಯ್ಡ್, ಜೊತೆಗೆ ಸೈಕ್ಲೋಫಾಸ್ಫಮೈಡ್‌ನಂಥ ಔಷಧಿ ಬೇಕು. ಹೆಪ್ಪುಗಟ್ಟುವ ತೊಂದರೆಯಾದರೆ ರಕ್ತ ತೆಳುವಾಗಿಸುವ ಮಾತ್ರೆ, ಅದೂ ಸಾಮಾನ್ಯವಾಗಿ ಜೀವನಪೂರ್ತಿ. ಎರಡನೆಯದಕ್ಕೆ ಬರೀ ಸ್ಟಿರಾಯ್ಡ್ ಕೊಟ್ಟರೆ ಮತ್ತೊಂದು ಸ್ಟ್ರೋಕ್‌ನ ಅಪಾಯ ಉಳಿದೇ ಇರುತ್ತದೆ. ಲೂಪಸ್ ಆಂಟಿಕೊಯಾಗುಲೆಂಟ್, ಆಂಟಿಕಾರ್ಡಿಯೋಲಿಪಿನ್, ಬೀಟಾ-2 ಗ್ಲೈಕೋಪ್ರೋಟೀನ್ ಎಂಬ ಮೂರು ರಕ್ತಪರೀಕ್ಷೆ ಆಗಿದೆಯೇ ಎಂದು ವೈದ್ಯರನ್ನು ಕೇಳಿ. ಪಾಸಿಟಿವ್ ಬಂದರೆ 12 ವಾರ ಬಿಟ್ಟು ಮತ್ತೆ ಮಾಡಿಸಬೇಕು. ಉರಿಯೂತವೇ ಎಂದು ಖಚಿತವಾಗಲು ಎಂ.ಆರ್.ಐ., ಆಂಜಿಯೋಗ್ರಾಂ, ಬೆನ್ನುಹುರಿಯ ನೀರಿನ ಪರೀಕ್ಷೆ ಬೇಕಾಗಬಹುದು. ದಾವಣಗೆರೆಯಲ್ಲಿ ತೀರ್ಮಾನವಾಗದಿದ್ದರೆ ರಿಪೋರ್ಟುಗಳನ್ನೆಲ್ಲ ಹಿಡಿದು ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಿ.

ಲೂಪಸ್‌ಗೆಂದು ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ ಕೊಟ್ಟಿದ್ದರೆ ಅದು ಮುಂದುವರಿಯಲಿ, ಕಣ್ಣಿನ ತಪಾಸಣೆ ಮರೆಯಬೇಡಿ. ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ಬೇಡವೇ ಬೇಡ. ಮಗುವಿನ ಆಸೆಯಿದ್ದರೆ ಗರ್ಭ ನಿಲ್ಲುವ ಮೊದಲೇ ವೈದ್ಯರಿಗೆ ಹೇಳಬೇಕು. ವಾರ್ಫರಿನ್‌ನಂಥ ಮಾತ್ರೆ ಭ್ರೂಣಕ್ಕೆ ಕೆಟ್ಟದ್ದು, ಬದಲಿಗೆ ಹೆಪಾರಿನ್ ಇಂಜೆಕ್ಷನ್ ಕೊಡುತ್ತಾರೆ. ಕೈಗೆ ಫಿಸಿಯೋಥೆರಪಿ ಈಗಲೇ ಶುರುವಾಗಲಿ.

ಮತ್ತೆ ಬಾಯಿ ಸೊಟ್ಟಗಾದರೆ, ಕೈ ಸೋತರೆ ತಕ್ಷಣ 108ಕ್ಕೆ ಕರೆ ಮಾಡಿ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಿ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ನಾಲ್ಕೂವರೆ ಗಂಟೆಯಷ್ಟೇ ಸಮಯ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಅದನ್ನು ಮೊದಲೇ ಹೇಳಿಬಿಡಿ.

ಪ್ರಶ್ನೆ: ಆಂಟಿಫಾಸ್ಫೊಲಿಪಿಡ್ ತೊಂದರೆಗೆ ಹೆಂಡತಿ ರಕ್ತ ತೆಳುವಾಗಿಸುವ ಅಸಿಟ್ರೋಮ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾಳೆ. ಸೊಪ್ಪು ಪೂರ್ತಿ ಬಿಡಬೇಕೇ?
– ಓದುಗರು, ಹೊನ್ನಾಳಿ

ಉತ್ತರ: ಬೇಡ. ಸೊಪ್ಪಿನ ವಿಟಮಿನ್ ಕೆ ಮಾತ್ರೆಯ ಬಲ ತಗ್ಗಿಸುತ್ತದೆ ನಿಜ, ಆದರೆ ತೊಂದರೆಯಾಗುವುದು ಏರುಪೇರಿನಿಂದ. ಒಂದು ವಾರ ದಿನಾ ಬಸ್ಸಾರು, ಮುಂದಿನ ವಾರ ಸೊಪ್ಪೇ ಇಲ್ಲ ಎಂದಾಗಬಾರದು. ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಿನ್ನಲಿ. ವೈದ್ಯರು ಹೇಳಿದಾಗಲೆಲ್ಲ ರಕ್ತ ಹೆಪ್ಪುಗಟ್ಟುವಿಕೆ ಅಳೆಯುವ ಐ.ಎನ್.ಆರ್. ಪರೀಕ್ಷೆ ಮಾಡಿಸಿ, ಸಾಮಾನ್ಯವಾಗಿ ಅದು 2ರಿಂದ 3ರೊಳಗೆ ಇರಬೇಕು. ಮೈಕೈ ನೋವಿಗೆ ಅಂಗಡಿಯ ಮಾತ್ರೆಯನ್ನು ಕೇಳದೆ ಕೊಡಬೇಡಿ.