ತೆನೆ ಬೆರೆಸಿದ ಹಾಲು

ಬಂದಳಿಕೆಯ ಬಸದಿ ನೋಡಲು ಹೋದರೆ ಜಕ್ಕಿಯಬ್ಬೆಯನ್ನು ನೆನೆಯಿರಿ. ನಾಗರಖಂಡ ಎಪ್ಪತ್ತು ಎಂಬ ನಾಡನ್ನು ಆಳಿದ ಆಕೆ ಕಾಯಿಲೆ ಬಿದ್ದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ, ವ್ರತ ಹಿಡಿದು ದೇಹ ಬಿಟ್ಟಳೆಂದು 918ರ ಶಾಸನ ಹೇಳುತ್ತದೆ. ಆಕೆಯದು ಜೈನ ಧರ್ಮ, ನನ್ನದು ಕ್ರೈಸ್ತ ಧರ್ಮ. ಆದರೂ ಸಾವಿನ ಮುಂದೆ ನಿಲ್ಲುವಾಗಲೂ ಮಗಳನ್ನು ಮರೆಯದ ಆ ತಾಯಿ ನನಗೆ ತೀರಾ ಹತ್ತಿರದವಳು.

ಅಲ್ಲಿಂದ ಮರಳುವಾಗ ಗದ್ದೆ ಬದುವಿನಲ್ಲಿ ಒಂದು ಗಳಿಗೆ ಕೂರಿ. ತೆನೆ ಕಂಡರೆ ನನಗೆ ಒಂದು ಹಬ್ಬ ನೆನಪಾಗುತ್ತದೆ. ಕೊಂಕಣಿ ಕ್ಯಾಥೊಲಿಕರು ಸೆಪ್ಟೆಂಬರ್ 8ರಂದು, ಮರಿಯಮ್ಮನ ಹುಟ್ಟುಹಬ್ಬಕ್ಕೆ, ಹೊಸ ತೆನೆಯನ್ನು ಚರ್ಚಿನಲ್ಲಿ ಆಶೀರ್ವಾದ ಮಾಡಿಸಿ ಮನೆಗೆ ತರುತ್ತಾರೆ. ಅದೇ ಮೊಂತಿ ಫೆಸ್ತ್. ಕಾಳು ಸುಲಿದು, ಅರೆದು, ಹಾಲಿಗೋ ಪಾಯಸಕ್ಕೋ ಬೆರೆಸಿ, ಮನೆಯವರೆಲ್ಲ ಒಟ್ಟಿಗೆ ಕೂತು ಮೊದಲು ಅದನ್ನು ಸೇವಿಸುತ್ತಾರೆ. ಹಲ್ಲಿಗೆ ಸಿಗುವ ಆ ಹಸಿ ಅಕ್ಕಿಯ ನುಚ್ಚಿನಲ್ಲಿ ಮಳೆ, ಮಣ್ಣು, ನಾಟಿ ಮಾಡಿದ ಹೆಂಗಸರ ಬೆನ್ನುನೋವು ಎಲ್ಲವೂ ಇದೆ. ದೂರದೂರಿನ ಮಕ್ಕಳಿಗೂ ಒಂದಿಷ್ಟು ಕಾಳು ಹೋಗುತ್ತದೆ.

ಹೀಗೆ ಒಟ್ಟಿಗೆ ಕೂತು ಉಣ್ಣಲು ಹಬ್ಬಕ್ಕಾಗಿ ಕಾಯಬೇಡಿ. ಇವತ್ತು ರಾತ್ರಿಯೇ ಟಿವಿ ಆರಿಸಿ, ತಟ್ಟೆಯ ಮುಂದೆ ಎಲ್ಲರೂ ಬರುವ ತನಕ ತಾಳಿ. ಅಡುಗೆ ಮಾಡಿದವರ ಹೆಸರು ಹೇಳಿ ಯೇಸುವಿಗೆ ವಂದಿಸಿ. ಚಿಕ್ಕವರಿಗೂ ಒಂದು ಮಾತಿನ ಸರದಿ ಕೊಡಿ. ಅವರು ಬೆಕ್ಕಿನ ಮರಿಗಾಗಿ ಸ್ತೋತ್ರ ಹೇಳಿದರೂ ತಡೆಯಬೇಡಿ.